ರಾಜ್‌ದೂತ್ 350: ಕರ್ನಾಟಕದಲ್ಲಿ ಹಳೆಯ ಜಪಾನಿ ಸ್ಪೋರ್ಟ್ಸ್ ಬಂಡಿಗಳ ಒಡೆತನ, ದುರಸ್ತಿ ಮತ್ತು ಸಂಶೋಧನೆ

ರಾಜ್‌ದೂತ್ 350, ಹರಿಯಾಣದ ಫರಿದಾಬಾದಿನ ಎಸ್ಕಾರ್ಟ್ಸ್ ಕಂಪನಿ ಜಪಾನಿನ ಯಮಾಹಾದ ತಾಂತ್ರಿಕ ನೆರವಿನಿಂದ 1980ರ ದಶಕದಲ್ಲಿ ತಯಾರಿಸಿದ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಮೋಟರ್‌ಸೈಕಲ್. 1983ರಲ್ಲಿ ಮಾರುಕಟ್ಟೆಗೆ ಬಂದ ಈ ಬಂಡಿಯ ತಯಾರಿಕೆ ದಶಕದ ಕೊನೆಯ ಹೊತ್ತಿಗೆ ನಿಂತುಹೋಯಿತು. ಯಮಾಹಾ ಆರ್‌ಡಿ 350 ಇದರ ಮೂಲ ಮಾದರಿ. ಸವಾರರು, ಮೆಕ್ಯಾನಿಕ್‌ಗಳು ಇದನ್ನು ಅಂದಿನಿಂದ ಇಂದಿನವರೆಗೆ ‘ಆರ್‌ಡಿ’ ಎಂದೇ ಕರೆಯುತ್ತಾರೆ. ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಕೊಂಡು, ಬಿಚ್ಚಿ, ಮೊದಲಿನಂತೆ ಕಟ್ಟುವ ಹವ್ಯಾಸ ಲೋಕದ ಬೇರೆಡೆ ದೊಡ್ಡದಾಗಿ ಬೆಳೆದಿದೆ. ಕರ್ನಾಟಕದಲ್ಲಿ ಅಂಥ ಕಾರುಗಳೇ ಇಲ್ಲವೆನ್ನಬಹುದು. ಇಲ್ಲಿ ಆ ಸ್ಥಾನ ಆರ್‌ಡಿಗೂ ಅದರ ಬೆನ್ನಿಗೆ ಬಂದ ಯಮಾಹಾ ಆರ್‌ಎಕ್ಸ್ 100ಕ್ಕೂ ಸಂದಿದೆ.

ಹಿನ್ನೆಲೆ

ಜಪಾನಿನ ಸ್ಪೋರ್ಟ್ಸ್ ಕಾರುಗಳ ಹೆಸರು ಜಗತ್ತಿಗೆ ಕೇಳಿಸಿದ್ದು 1960ರ ದಶಕದಲ್ಲಿ. ಹೋಂಡಾದ ಪುಟ್ಟ ಎಸ್600, ರೋಟರಿ ಎಂಜಿನ್ನಿನ ಮಜ್ದಾ ಕಾಸ್ಮೊ ಸ್ಪೋರ್ಟ್, 1969ರಲ್ಲಿ ಬಂದ ನಿಸ್ಸಾನ್ ಫೇರ್‌ಲೇಡಿ ಜೆಡ್ ಮತ್ತು ಸ್ಕೈಲೈನ್ ಜಿಟಿ-ಆರ್ ಆ ಸಾಲಿನವು. ಇವುಗಳಲ್ಲಿ ಟೊಯೊಟಾ 2000ಜಿಟಿ ನಮ್ಮ ಕಥೆಗೆ ಹತ್ತಿರದ್ದು. 1967ರಿಂದ 1970ರವರೆಗೆ ನಾನೂರಕ್ಕೂ ಕಡಿಮೆ ಸಂಖ್ಯೆಯಲ್ಲಿ ತಯಾರಾದ ಆ ಕಾರನ್ನು ಟೊಯೊಟಾಕ್ಕಾಗಿ ಕಟ್ಟಿಕೊಟ್ಟದ್ದು ಯಮಾಹಾ. ಆರು ಸಿಲಿಂಡರಿನ ಅದರ ಎಂಜಿನ್ನಿಗೆ ಎರಡು ಕ್ಯಾಮ್‌ಶಾಫ್ಟ್‌ಗಳ ಹೆಡ್ ಕೂರಿಸಿದವರೂ ಯಮಾಹಾದವರೇ. ಅದೇ ಕಂಪನಿ 1973ರಲ್ಲಿ ಆರ್‌ಡಿ 350 ತಂದಿತು. ಟಿಜೆಡ್ 350 ಎಂಬ ಅದರ ರೇಸಿಂಗ್ ಬಂಡಿ ಇದೇ ಎಂಜಿನ್ ಕುಲದ್ದು.

ಇಂಥ ಕಾರುಗಳು ಭಾರತಕ್ಕೆ ಬರಲಿಲ್ಲ. ಸುಂಕ ಮತ್ತು ಪರವಾನಗಿಯ ಗೋಡೆ ಎತ್ತರವಾಗಿತ್ತು. ಆಮೇಲೆ ಆಮದು ಸಡಿಲವಾದಾಗಲೂ ಮೂರು ವರ್ಷಕ್ಕಿಂತ ಹಳೆಯದಾದ ಬಳಸಿದ ಕಾರನ್ನು ಸಾಮಾನ್ಯ ಮಾರ್ಗದಲ್ಲಿ ತರಿಸುವಂತಿಲ್ಲ ಎಂಬ ನಿಯಮ ಬಂತು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿದವರಿಗೆ ಇದು ತಿಳಿದೀತು. ನಮ್ಮಲ್ಲಿ ಹಳೆಯ ಕಾರು ಎಂದರೆ ಬಹುಮಟ್ಟಿಗೆ ಯುರೋಪು, ಅಮೆರಿಕದ್ದು. ಜಪಾನಿನ ವೇಗ ನಮ್ಮ ಊರುಗಳಿಗೆ ಬಂದದ್ದು ಎರಡು ಚಕ್ರದ ಮೇಲೆ.

ಆರ್‌ಡಿ ಬರುವ ಹೊತ್ತಿಗೆ ಕರ್ನಾಟಕಕ್ಕೆ ತನ್ನದೇ ಆದ ಟೂ ಸ್ಟ್ರೋಕ್ ಪರಂಪರೆ ಇತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಬಂಡಿಗಳನ್ನು ತಯಾರಿಸಿತು. ಟೂ ಸ್ಟ್ರೋಕ್ ಎಂಜಿನ್ ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್‌ಗಳ ಒಂದು ತಲೆಮಾರು ಆ ಬಂಡಿಗಳ ಮೇಲೆಯೇ ಕೈ ಪಳಗಿಸಿಕೊಂಡಿತ್ತು. ಆದರೆ ಯೆಜ್ಡಿ ರೋಡ್‌ಕಿಂಗ್ ಕೊಡುತ್ತಿದ್ದದ್ದು 16 ಅಶ್ವಶಕ್ತಿ, ಬುಲೆಟ್ 350 ಕೊಡುತ್ತಿದ್ದದ್ದು 18. ರಾಜ್‌ದೂತ್ 350ರ ಮೊದಲ ಮಾದರಿ ಕೊಟ್ಟದ್ದು 30.5. ಆ ಕಾಲದ ರಸ್ತೆಯಲ್ಲಿ ಇದರ ಜತೆ ಓಡಬಲ್ಲ ಬಂಡಿ ಇರಲಿಲ್ಲ, ಕಾರುಗಳೂ ಹಿಂದೆ ಬೀಳುತ್ತಿದ್ದವು.

ಯಂತ್ರ

ಆರ್‌ಡಿಯ ಎಂಜಿನ್ 347 ಸಿಸಿ. ಅಕ್ಕಪಕ್ಕ ನಿಂತ ಎರಡು ಸಿಲಿಂಡರು, ಗಾಳಿಯಿಂದ ತಂಪಾಗುವ ವ್ಯವಸ್ಥೆ, ಆರು ಗೇರು. ಸಿಲಿಂಡರಿನ ಒಳವ್ಯಾಸ 64 ಮಿ.ಮೀ., ಪಿಸ್ಟನ್ನಿನ ಓಟ 54 ಮಿ.ಮೀ. ಇದರ ಜೀವಾಳ ರೀಡ್ ವಾಲ್ವ್. ಹಳೆಯ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕಾರ್ಬುರೇಟರಿನಿಂದ ಬಂದ ಪೆಟ್ರೋಲ್ ಆವಿಯ ಒಂದು ಪಾಲು, ಪಿಸ್ಟನ್ ಕೆಳಗಿಳಿಯುವಾಗ ಬಂದ ದಾರಿಗೇ ಹಿಂದಕ್ಕೆ ಚಿಮ್ಮುತ್ತಿತ್ತು. ರೀಡ್ ವಾಲ್ವ್ ಎಂದರೆ ಆ ದಾರಿಯಲ್ಲಿ ಕೂರಿಸಿದ ತೆಳು ಉಕ್ಕಿನ ಎಸಳುಗಳು. ಪಿಸ್ಟನ್ ಮೇಲೇರಿ ಒಳಗೆ ಸೆಳೆತ ಉಂಟಾದಾಗ ತೆರೆಯುತ್ತವೆ, ಇಳಿಯುವಾಗ ಒಳಗಿನ ಒತ್ತಡಕ್ಕೆ ತಾವೇ ಮುಚ್ಚಿಕೊಳ್ಳುತ್ತವೆ. ಯಮಾಹಾ ಇದಕ್ಕೆ ಟಾರ್ಕ್ ಇಂಡಕ್ಷನ್ ಎಂಬ ಹೆಸರಿಟ್ಟಿತು. ಮುಂದೆ ಆರ್‌ಎಕ್ಸ್ 100ರಂಥ ಪುಟ್ಟ ಬಂಡಿ ಅಷ್ಟು ಚುರುಕಾಗಿ ಜಿಗಿಯುತ್ತಿದ್ದುದರ ಹಿಂದೆಯೂ ಈ ಎಸಳುಗಳೇ ಇವೆ.

ಎರಡನೆಯ ವಿಶೇಷ ಆಟೊಲೂಬ್. ಜಾವಾ, ಯೆಜ್ಡಿ ಸವಾರರು ಬಂಕಿನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿಸಿಕೊಳ್ಳುತ್ತಿದ್ದರು. ಆರ್‌ಡಿಯಲ್ಲಿ ಆಯಿಲ್ಲಿಗೆ ಬೇರೆಯೇ ತೊಟ್ಟಿ, ಬೇರೆಯೇ ಪಂಪು. ಆಕ್ಸಿಲರೇಟರ್ ತಿರುಗಿಸಿದಷ್ಟೂ ಕೇಬಲ್ಲು ಪಂಪನ್ನು ಎಳೆದು ಎಂಜಿನ್ನಿಗೆ ಬೇಕಾದಷ್ಟೇ ಆಯಿಲ್ ಬಿಡುತ್ತದೆ.

ಜಪಾನಿನ ಆರ್‌ಡಿ 39 ಅಶ್ವಶಕ್ತಿಯದು; ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇತ್ತು. ಎಸ್ಕಾರ್ಟ್ಸ್ ಎಂಜಿನ್ನಿನ ಶಕ್ತಿಯನ್ನು ಇಳಿಸಿತು, ಡಿಸ್ಕ್ ಬದಲು ಡ್ರಮ್ ಬ್ರೇಕ್ ಕೂರಿಸಿತು. ಮೊದಲು ಬಂದ ಮಾದರಿ ‘ಹೈ ಟಾರ್ಕ್’, 1985ರ ಸುಮಾರಿಗೆ ಬಂದದ್ದು ‘ಲೋ ಟಾರ್ಕ್’. ಬಂಡಿ ಪೆಟ್ರೋಲ್ ಕುಡಿಯುತ್ತದೆ ಎಂಬ ದೂರು ಹೆಚ್ಚಿದಾಗ ಎಂಜಿನ್ ಮತ್ತು ಸೈಲೆನ್ಸರುಗಳಲ್ಲಿ ಬದಲಾವಣೆ ಮಾಡಿ ಶಕ್ತಿಯನ್ನು ಸುಮಾರು 27 ಅಶ್ವಶಕ್ತಿಗೆ ತಗ್ಗಿಸಿದರು. ಇಂದು ಕೊಳ್ಳುವವರು ಮೊದಲು ಕೇಳುವ ಪ್ರಶ್ನೆಯೇ ‘ಎಚ್‌ಟಿಯೋ, ಎಲ್‌ಟಿಯೋ?’.

ಆರ್‌ಡಿ ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ. ಬೆಲೆ ಬುಲೆಟ್ಟಿಗಿಂತ ಹೆಚ್ಚು, ಮೈಲೇಜು ಕಡಿಮೆ, ಬಿಡಿಭಾಗ ದುರ್ಲಭ. ಡ್ರಮ್ ಬ್ರೇಕು ಆ ವೇಗಕ್ಕೆ ಸಾಲದು ಎಂಬ ಮಾತು ಅಪಘಾತಗಳ ಸುದ್ದಿಯೊಂದಿಗೆ ಹಬ್ಬಿತು. ಮದರಾಸಿನ ಹತ್ತಿರದ ಶೋಲಾವರಂ ಏರ್‌ಸ್ಟ್ರಿಪ್ಪಿನ ರೇಸುಗಳಲ್ಲಿ ಮಾತ್ರ ಇದು ತನ್ನ ತಾಕತ್ತು ತೋರಿಸಿತು. ಬಂಡಿಯ ಸೋಲಿಗೆ ಅದರ ವಿನ್ಯಾಸವನ್ನು ದೂರಬೇಕಿಲ್ಲ. ಲೀಟರಿಗೆ ಎಷ್ಟು ಕಿಲೋಮೀಟರು ಎಂದು ಲೆಕ್ಕ ಹಾಕುತ್ತಿದ್ದ ಸಂಸಾರವಂದಿಗರ ದೇಶಕ್ಕೆ ಅದು ಹತ್ತು ಹದಿನೈದು ವರ್ಷ ಮೊದಲೇ ಬಂತು.

ಜತೆಯ ಬಂಡಿಗಳು

1980ರ ದಶಕದ ಮಧ್ಯದಲ್ಲಿ ನಾಲ್ಕು ಜಪಾನಿ ಕಂಪನಿಗಳೂ ಭಾರತದಲ್ಲಿ 100 ಸಿಸಿ ಬಂಡಿಗಳನ್ನು ತಂದವು. ಕರ್ನಾಟಕದ ಗಡಿಗಂಟಿದ ಹೊಸೂರಿನಿಂದ 1984ರಲ್ಲಿ ಇಂಡ್-ಸುಜುಕಿ ಎಎಕ್ಸ್ 100 ಹೊರಬಂತು. 1990ರ ದಶಕದ ಸಮುರಾಯ್ ಮತ್ತು ಶೋಗನ್ ಬಂಡಿಗಳು ಅದೇ ಟಿವಿಎಸ್-ಸುಜುಕಿ ಕೂಡಿಕೆಯವು. ಹೀರೋ ಹೋಂಡಾ ಸಿಡಿ 100 ಮಾತ್ರ ಫೋರ್ ಸ್ಟ್ರೋಕ್. ಮೈಲೇಜಿನ ಬಲದಿಂದ ಕೊನೆಗೆ ಗೆದ್ದದ್ದು ಅದೇ. ಕವಾಸಾಕಿ ಬಜಾಜ್ ಕೆಬಿ 100 ಕೊನೆಯಲ್ಲಿ ಬಂತು.

ಜನರ ಮನಸ್ಸಿನಲ್ಲಿ ಉಳಿದದ್ದು ಮಾತ್ರ 1985ರ ಕೊನೆಯಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100. 98 ಸಿಸಿ, 11 ಅಶ್ವಶಕ್ತಿ, ನೂರು ಕಿಲೋದ ಆಸುಪಾಸಿನ ತೂಕ. ಮೊದಲ ಬಂಡಿಗಳು ಜಪಾನಿನಿಂದ ಬಿಡಿಬಿಡಿಯಾಗಿ ಬಂದು ಇಲ್ಲಿ ಜೋಡಣೆಯಾದವು. ಅವುಗಳಿಗೆ ಇಂದಿಗೂ ಹೆಚ್ಚಿನ ಬೆಲೆ. 1996ರಲ್ಲಿ ಆರ್‌ಎಕ್ಸ್ 100 ನಿಂತು, ಅದರ ಜಾಗಕ್ಕೆ ಬಂದ 132 ಸಿಸಿಯ ಆರ್‌ಎಕ್ಸ್ 135 ಸುಮಾರು 2005ರವರೆಗೆ ನಡೆಯಿತು. ಹೊಗೆ ನಿಯಮಗಳು ಬಿಗಿಯಾದಂತೆ ಟೂ ಸ್ಟ್ರೋಕ್ ಮೋಟರ್‌ಸೈಕಲ್ಲುಗಳ ಕಾಲ ಮುಗಿಯಿತು. ಇಂದು ಚೆನ್ನಾಗಿ ರೆಡಿ ಮಾಡಿದ ಆರ್‌ಎಕ್ಸ್ 100ಕ್ಕೆ ಲಕ್ಷ ರೂಪಾಯಿ ದಾಟಿದ ಬೆಲೆಯಿದೆ. ಒಳ್ಳೆಯ ಆರ್‌ಡಿ ಕೈಗೆ ಸಿಗಬೇಕಾದರೆ ಅದರ ಹಲವು ಪಟ್ಟು ಕೊಡಬೇಕು.

ಕಾರುಗಳ ಮಾತಿಗೆ ಬಂದರೆ, ಚಿಕ್ಕಮಗಳೂರು ಜಿಲ್ಲೆಗೆ ಜಪಾನಿ ವೇಗದ ಪರಿಚಯ ರ‍್ಯಾಲಿಗಳಿಂದ ಆಗಿದೆ. ಕಾಫಿ ತೋಟಗಳೊಳಗಿನ ಮಣ್ಣುದಾರಿಗಳಲ್ಲಿ ರಾಷ್ಟ್ರೀಯ ರ‍್ಯಾಲಿಗಳೂ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತೂ ನಡೆದಿವೆ. 1985ರಲ್ಲಿ ಬಂದ ಮಾರುತಿ ಜಿಪ್ಸಿ, ಆಮೇಲಿನ ಎಸ್ಟೀಮ್, ಮಿತ್ಸುಬಿಷಿಯ ಲ್ಯಾನ್ಸರ್ ಮತ್ತು ಸೀಡಿಯಾ ಇಲ್ಲಿನ ರ‍್ಯಾಲಿ ಪ್ರಿಯರಿಗೆ ಪರಿಚಿತ ಹೆಸರುಗಳು. 2000ದಲ್ಲಿ ಬಂದ 106 ಅಶ್ವಶಕ್ತಿಯ ಹೋಂಡಾ ಸಿಟಿ ವಿಟೆಕ್ ಕೂಡ ಈಗ ಸಂಗ್ರಹಕಾರರು ಹುಡುಕುವ ಕಾರು. ಜಪಾನಿ ಕಾರುಗಳಲ್ಲಿ ನಮ್ಮ ನಾಳಿನ ‘ಕ್ಲಾಸಿಕ್’ ಯಾವುದೆಂದು ಕೇಳಿದರೆ ಜಿಪ್ಸಿಯ ಹೆಸರನ್ನೇ ಮೊದಲು ಹೇಳಬೇಕಾದೀತು.

ಕೊಳ್ಳುವಾಗ

ಹಳೆಯ ಬಂಡಿ ಕೊಳ್ಳುವವರು ಮೊದಲು ನೋಡಬೇಕಾದ್ದು ಬಣ್ಣವನ್ನಲ್ಲ, ನಂಬರನ್ನು. ಚಾಸಿ ನಂಬರ್ ಹ್ಯಾಂಡಲ್ಲಿನ ಹತ್ತಿರ ಚೌಕಟ್ಟಿನ ಕತ್ತಿನ ಮೇಲೆ, ಎಂಜಿನ್ ನಂಬರ್ ಕ್ರ್ಯಾಂಕ್‌ಕೇಸಿನ ಮೇಲೆ ಅಚ್ಚಾಗಿರುತ್ತವೆ. ಸೀಮೆಎಣ್ಣೆಯಿಂದ ಜಿಡ್ಡು ಒರೆಸಿ, ತೆಳು ಕಾಗದ ಇಟ್ಟು, ಮೃದುವಾದ ಪೆನ್ಸಿಲ್ಲನ್ನು ಅಡ್ಡಲಾಗಿ ಉಜ್ಜಿದರೆ ಅಂಕಿಗಳು ಬೆಳ್ಳಗೆ ಮೂಡುತ್ತವೆ. ಆರ್‌ಟಿಒ ಕಚೇರಿಗೆ ಕೊಡುವ ಚಾಸಿ ಪ್ರಿಂಟ್ ಎಂದರೆ ಇದೇ. ಈ ಪ್ರಿಂಟನ್ನು ಬೆಳಕಿಗೆ ಹಿಡಿದರೆ ಬಂಡಿಯ ಚರಿತ್ರೆಯೇ ಸಿಗುತ್ತದೆ. ಕಾರ್ಖಾನೆಯ ಅಚ್ಚಿನಲ್ಲಿ ಅಂಕಿಗಳ ಎತ್ತರ, ಆಳ, ನಡುವಿನ ಅಂತರ ಒಂದೇ ತೆರನಾಗಿರುತ್ತದೆ. ಹಳೆಯ ಅಂಕಿಯನ್ನು ಗ್ರೈಂಡ್ ಮಾಡಿ ಹೊಸದನ್ನು ಹೊಡೆದಿದ್ದರೆ ಒಂದು ಅಂಕಿ ವಾಲಿರುತ್ತದೆ, ಸುತ್ತಲ ಲೋಹ ತಗ್ಗಿರುತ್ತದೆ, ಅಂಕಿಗಳ ನಡುವೆ ಗ್ರೈಂಡರಿನ ಗೀರು ಕಾಣುತ್ತದೆ. ಅಂಥ ಬಂಡಿ ಎಷ್ಟೇ ಹೊಳೆದರೂ ಮುಟ್ಟಬಾರದು.

ಎರಡನೆಯದು ಆರ್‌ಸಿ. ಮೂಲ ನೋಂದಣಿ ಎಲ್ಲಿ ಆಯಿತು, ಎಷ್ಟು ಕೈ ಬದಲಾಯಿತು, ತೆರಿಗೆ ಬಾಕಿ ಇದೆಯೇ, ಸಾಲದ ಹೈಪೊಥಿಕೇಷನ್ ತೆಗೆಸಿದ್ದಾರೆಯೇ ಎಂಬುದೆಲ್ಲ ಸರಿಯಿರಬೇಕು. ಚಿಕ್ಕಮಗಳೂರಿನ ಬಂಡಿಗೆ ಕೆಎ 18, ತರೀಕೆರೆಯದಕ್ಕೆ ಕೆಎ 66. ಆರ್‌ಡಿಯ ಕಾಲದ ಹೆಚ್ಚಿನ ಬಂಡಿಗಳು ಕೆಎ ಸರಣಿ ಬರುವ ಮುಂಚಿನವು. ಆ ಹಳೆಯ ಮೂರಕ್ಷರದ ನಂಬರು ಉಳಿದಿದ್ದರೆ ಅದನ್ನು ಬದಲಿಸದೆ ಕಾಪಾಡಿಕೊಳ್ಳುವುದು ಒಳ್ಳೆಯದು. ಬಂಡಿ ಯಾವ ಊರಿನಲ್ಲಿ ಬದುಕಿತ್ತು ಎಂಬುದಕ್ಕೆ ಎಷ್ಟೋ ಸಲ ಉಳಿಯುವ ಏಕೈಕ ಸಾಕ್ಷಿ ಅದು.

ಬಂಡಿ ನಿಂತ ಜಾಗವೂ ಮುಖ್ಯ. ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ಹಿರೇನಲ್ಲೂರು, ಯಗಟಿ, ಪಂಚನಹಳ್ಳಿ ಸೀಮೆ ಮಲೆನಾಡಿನ ಜಿಲ್ಲೆಯೊಳಗಿನ ಬಯಲುಸೀಮೆ. ರಾಗಿ, ತೆಂಗು ಬೆಳೆಯುವ ಈ ಒಣನೆಲದಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಹತ್ತಾರು ವರ್ಷ ನಿಂತ ಬಂಡಿಯ ಚೌಕಟ್ಟು ತಕ್ಕಮಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ. ಮೂಡಿಗೆರೆ, ಶೃಂಗೇರಿ ಕಡೆ ಅಷ್ಟೇ ಕಾಲ ನಿಂತದ್ದರ ಮಡ್‌ಗಾರ್ಡು, ಟ್ಯಾಂಕಿನ ತಳ, ರಿಮ್ಮು ತುಕ್ಕಿಗೆ ತುತ್ತಾಗಿರುತ್ತವೆ. ಒಣಸೀಮೆಯ ಬಂಡಿಗೆ ಬೇರೆ ತೊಂದರೆ: ರಬ್ಬರು, ಆಯಿಲ್ ಸೀಲುಗಳು ಒಣಗಿ ಬಿರಿದಿರುತ್ತವೆ. ಸೀಲು ಹೊಸದು ತರಬಹುದು, ಮೂಲ ಟ್ಯಾಂಕು ತರುವುದು ಕಷ್ಟ. ಹಾಗಾಗಿ ಬಯಲುಸೀಮೆಯ ಬಂಡಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಬಿಚ್ಚಿ ಕಟ್ಟುವುದು

ಆರ್‌ಡಿಯ ದುರಸ್ತಿಯಲ್ಲಿ ಗೆಲುವು ಸೋಲು ನಿರ್ಧಾರವಾಗುವುದು ಕ್ರ್ಯಾಂಕಿನಲ್ಲಿ. ಇದು ಒಂದೇ ತುಂಡಿನ ಕ್ರ್ಯಾಂಕ್ ಅಲ್ಲ. ಚಕ್ರಗಳು, ಪಿನ್ನುಗಳು, ಕನೆಕ್ಟಿಂಗ್ ರಾಡುಗಳು, ಬೇರಿಂಗುಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ್ದು. ರಾಡು ಅಥವಾ ಬೇರಿಂಗು ಸವೆದರೆ ಎಲ್ಲವನ್ನೂ ಬಿಡಿಸಿ, ಹೊಸದು ಹಾಕಿ, ಮತ್ತೆ ಒತ್ತಬೇಕು. ಆಮೇಲೆ ವಿ-ಬ್ಲಾಕಿನ ಮೇಲಿಟ್ಟು ಡಯಲ್ ಗೇಜು ಹಚ್ಚಿ ನಿಧಾನಕ್ಕೆ ತಿರುಗಿಸುತ್ತಾರೆ. ಮುಳ್ಳು ಅಲ್ಲಾಡಿದ ಕಡೆ ತಾಮ್ರದ ಸುತ್ತಿಗೆಯಿಂದ ಒಂದೊಂದೇ ಏಟು. ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲಿನೊಳಗೆ ಓಲಾಟ ನಿಲ್ಲುವ ತನಕ ಈ ಕೆಲಸ ನಡೆಯುತ್ತದೆ. ಕೈಯಳತೆಯ ಅನುಭವ ಇಲ್ಲದ ಲೇತಿನಲ್ಲಿ ಇದನ್ನು ಮಾಡಿಸಿದರೆ ಬಂಡಿ ನಡುಗುತ್ತದೆ, ಹೊಸ ಬೇರಿಂಗು ಬೇಗನೆ ಹೋಗುತ್ತದೆ. ಎರಡು ಸಿಲಿಂಡರುಗಳ ಕ್ರ್ಯಾಂಕ್ ಕೋಣೆಗಳನ್ನು ಬೇರ್ಪಡಿಸುವ ನಡುವಿನ ಸೀಲು ಮತ್ತು ಎರಡು ತುದಿಯ ಸೀಲುಗಳನ್ನು ಈ ಹಂತದಲ್ಲೇ ಬದಲಿಸಬೇಕು. ಸೀಲು ಸೋರಿದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಕಾದು ಸೀಜ್ ಆಗುತ್ತದೆ.

ಸಿಲಿಂಡರನ್ನು ಬೋರ್ ಮಾಡಿಸುವುದು ಮುಂದಿನ ಹೆಜ್ಜೆ. ಪಿಸ್ಟನ್ನುಗಳು 0.25 ಮಿ.ಮೀ. ಏರಿಕೆಯ ಓವರ್‌ಸೈಜುಗಳಲ್ಲಿ ಬರುತ್ತವೆ. ಪಿಸ್ಟನ್ ಕೈಗೆ ಬಂದ ಮೇಲೆ ಅದನ್ನು ಅಳೆದು, ಅದಕ್ಕೆ ತಕ್ಕಂತೆ ಬೋರ್ ಮಾಡಿಸಬೇಕೇ ಹೊರತು ಮೊದಲೇ ಬೋರ್ ಮಾಡಿಸಿಟ್ಟು ಪಿಸ್ಟನ್ ಹುಡುಕಬಾರದು. ಇವೆರಡರ ನಡುವಿನ ಅಂತರ ಕೂದಲೆಳೆಗಿಂತ ಕಡಿಮೆ. ಬೋರ್ ಆದ ಮೇಲೆ ಪೋರ್ಟುಗಳ ಅಂಚನ್ನು ನಯವಾಗಿ ಇಳಿಜಾರು ಮಾಡದಿದ್ದರೆ ರಿಂಗು ಅಲ್ಲಿ ಸಿಕ್ಕಿಕೊಂಡು ಮುರಿಯುತ್ತದೆ. ರೀಡ್ ವಾಲ್ವನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಎಸಳಿನ ಅಂಚಿನಲ್ಲಿ ಬೆಳಕಿನ ಗೆರೆ ಕಂಡರೆ, ಮೂಲೆ ಚಕ್ಕೆ ಎದ್ದಿದ್ದರೆ ಅದು ಹೋದಂತೆ. ಬಂಡಿ ಐಡ್ಲಿಂಗಿಗೆ ನಿಲ್ಲುವುದಿಲ್ಲ ಎಂಬ ದೂರಿಗೆ ಕಾರ್ಬುರೇಟರನ್ನು ಹತ್ತು ಸಲ ತೊಳೆಯುವವರು ಇದನ್ನು ಒಮ್ಮೆಯೂ ಬಿಚ್ಚಿರುವುದಿಲ್ಲ.

ಇಗ್ನಿಷನ್ನಿಗೆ ಎರಡು ಜತೆ ಪಾಯಿಂಟುಗಳು, ಪ್ರತಿ ಸಿಲಿಂಡರಿಗೂ ಒಂದು. ಪಿಸ್ಟನ್ ತುದಿ ಮುಟ್ಟಲು ಸುಮಾರು 2 ಮಿ.ಮೀ. ಇರುವಾಗ ಕಿಡಿ ಹಾರಬೇಕು. ಪ್ಲಗ್ ತೂತಿನಲ್ಲಿ ಗೇಜು ಇಳಿಸಿ ಎರಡೂ ಕಡೆ ಬೇರೆಬೇರೆಯಾಗಿ ಇದನ್ನು ಹೊಂದಿಸುತ್ತಾರೆ. ಕಿವಿಯಂದಾಜಿನಲ್ಲಿ ಟೈಮಿಂಗ್ ಕೂರಿಸುವ ಜಾಣ ಮೆಕ್ಯಾನಿಕ್‌ಗಳಿದ್ದಾರೆ. ಒಂಟಿ ಸಿಲಿಂಡರಿನ ಬಂಡಿಗೆ ಅದು ನಡೆದೀತು, ಆರ್‌ಡಿಗೆ ಗೇಜೇ ಆಗಬೇಕು. ಎರಡು ಕಾರ್ಬುರೇಟರುಗಳ ಸ್ಲೈಡುಗಳು ಒಂದೇ ಕ್ಷಣಕ್ಕೆ ಏಳುವಂತೆ ಕೇಬಲ್ಲು ಹೊಂದಿಸುವುದೂ ಇದೇ ಜಾತಿಯ ಕೆಲಸ. ಆಟೊಲೂಬ್ ಪಂಪಿನ ಮೇಲೆ ನಂಬಿಕೆ ಇಲ್ಲದವರು ಅದನ್ನು ಕಿತ್ತು ಪೆಟ್ರೋಲಿಗೇ ಆಯಿಲ್ ಬೆರೆಸುವ ರೂಢಿಯಿದೆ. ಪಂಪು ರಿಪೇರಿಗೆ ಬರುವಂತಿದ್ದರೆ ಹಾಗೆ ಮಾಡಬಾರದು, ಅದು ಈ ಬಂಡಿಯ ಚರಿತ್ರೆಯ ಭಾಗ.

ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುವುದರಿಂದ ಹೊಸ ಎಚ್ಚರಿಕೆಯೊಂದು ಸೇರಿಕೊಂಡಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆದುವಾಗಿಸುತ್ತದೆ. ತಿಂಗಳುಗಟ್ಟಲೆ ಓಡಿಸದ ಬಂಡಿಯ ಟ್ಯಾಂಕನ್ನೂ ಕಾರ್ಬುರೇಟರಿನ ಬಟ್ಟಲನ್ನೂ ಖಾಲಿ ಮಾಡಿಡಬೇಕು.

ಹಿರೇನಲ್ಲೂರಿನಂಥ ಊರಿನಿಂದ ಈ ಕೆಲಸಕ್ಕೆ ಇಳಿದವರು ಸಣ್ಣಪುಟ್ಟ ಲೇತ್, ವೆಲ್ಡಿಂಗಿಗೆ ಕಡೂರು, ಬೀರೂರನ್ನೂ ದೊಡ್ಡ ಕೆಲಸಕ್ಕೆ ಚಿಕ್ಕಮಗಳೂರು ಅಥವಾ ಶಿವಮೊಗ್ಗದ ಆಟೋ ಕಾಂಪ್ಲೆಕ್ಸನ್ನೂ ನೆಚ್ಚಬಹುದು. ಬಿಡಿಭಾಗದ ಬೇಟೆ ಮಾತ್ರ ಬೆಂಗಳೂರಿನದು: ಜೆ.ಸಿ. ರಸ್ತೆಯ ಅಂಗಡಿಗಳು, ಶಿವಾಜಿನಗರದ ಗುಜರಿ. ಹೊಸ ಪ್ಯಾಕೆಟ್ಟಿನಲ್ಲಿ ಬರುವ ಡೂಪ್ಲಿಕೇಟ್ ಪಾರ್ಟಿಗಿಂತ ಗುಜರಿಯಲ್ಲಿ ಸಿಕ್ಕ ಸವೆದ ಒರಿಜಿನಲ್ ಎಷ್ಟೋ ಸಲ ಮೇಲು.

ಮೂಲಸ್ವರೂಪದ ಪ್ರಶ್ನೆ

ರಾಜ್‌ದೂತ್ 350 ಕಟ್ಟುವವರಲ್ಲಿ ಎರಡು ಪಂಥಗಳಿವೆ. ಒಂದು ಪಂಥ ರಾಜ್‌ದೂತ್ ಹೆಸರನ್ನು ಅಳಿಸಿ, ಟ್ಯಾಂಕಿಗೆ ಯಮಾಹಾ ಬಣ್ಣ, ಗೆರೆ ಹಚ್ಚಿ, ಮುಂದೆ ಡಿಸ್ಕ್ ಬ್ರೇಕು, ಹಿಂದೆ ಎಕ್ಸ್‌ಪ್ಯಾನ್ಷನ್ ಚೇಂಬರ್ ಎಂಬ ರೇಸಿಂಗ್ ಸೈಲೆನ್ಸರು ಹಾಕಿ, ಅದನ್ನು 1973ರ ಜಪಾನಿ ಬಂಡಿಯನ್ನಾಗಿ ಮಾಡುತ್ತದೆ. ಇನ್ನೊಂದು ಪಂಥ ಫರಿದಾಬಾದಿನಿಂದ ಹೊರಟಂತೆಯೇ ಕಟ್ಟುತ್ತದೆ. ಚರಿತ್ರೆಯ ದೃಷ್ಟಿಯಿಂದ ಎರಡನೆಯದೇ ಸರಿ. ಶಕ್ತಿ ಇಳಿಸಿದ ಎಂಜಿನ್ನು, ಡ್ರಮ್ ಬ್ರೇಕು, ಎಲ್‌ಟಿಯ ಸೈಲೆನ್ಸರು ಇವೆಲ್ಲ ನಮ್ಮ ರಸ್ತೆ, ನಮ್ಮ ಪೆಟ್ರೋಲ್ ಬೆಲೆ, ನಮ್ಮ ಅಂದಿನ ಕೈಗಾರಿಕಾ ನೀತಿ ಆ ಬಂಡಿಯ ಮೇಲೆ ಬಿಟ್ಟ ಗುರುತುಗಳು. ಜಪಾನಿನಲ್ಲಿ 1970ರ ದಶಕದ ನಡುವಿನಲ್ಲೇ ಬದಿಗೆ ಸರಿದ ವಿನ್ಯಾಸ ಭಾರತದಲ್ಲಿ ಮರುಹುಟ್ಟು ಪಡೆಯಿತು ಎಂಬುದೇ ಒಂದು ವಿಶೇಷ ಸಂಗತಿ. ಅದನ್ನು ಮರೆಮಾಚಿದ ಬಂಡಿ ಕಣ್ಣಿಗೆ ಚೆಂದ ಕಂಡರೂ ದಾಖಲೆಯಾಗಿ ಬೆಲೆ ಕಳೆದುಕೊಳ್ಳುತ್ತದೆ. ಹೆದ್ದಾರಿಯಲ್ಲಿ ದಿನಾ ಓಡಿಸುವವರು ಜೀವದ ದೃಷ್ಟಿಯಿಂದ ಡಿಸ್ಕ್ ಹಾಕಿಸಿಕೊಂಡರೆ ತಪ್ಪೆನ್ನಲಾಗದು. ಬಿಚ್ಚಿದ ಡ್ರಮ್ಮನ್ನು ಗುಜರಿಗೆ ಹಾಕದೆ ಗ್ರೀಸು ಹಚ್ಚಿ ತೆಗೆದಿಟ್ಟರೆ ಆಯಿತು.

ಸಂಶೋಧನೆ

ಈ ಬಂಡಿಗಳ ಚರಿತ್ರೆ ಗ್ರಂಥಾಲಯಗಳಲ್ಲಿ ಇಲ್ಲ. ಅದು ಮಾಲೀಕರ ಕೈಪಿಡಿ, ಸರ್ವಿಸ್ ಮ್ಯಾನ್ಯುಯಲ್, ಬಿಡಿಭಾಗಗಳ ಪಟ್ಟಿ, ಡೀಲರು ಕೊಟ್ಟ ಬಿಲ್ಲು, ತೆರಿಗೆ ಕಾರ್ಡು, ಹಳೆಯ ಪತ್ರಿಕಾ ಜಾಹೀರಾತುಗಳಲ್ಲಿ ಚದುರಿಹೋಗಿದೆ. ಬಿಡಿಭಾಗದ ಪಟ್ಟಿ ಇವುಗಳಲ್ಲಿ ಎಲ್ಲಕ್ಕಿಂತ ಉಪಯುಕ್ತ. ಯಾವ ಭಾಗ ಜಪಾನಿನದು, ಯಾವುದು ಇಲ್ಲಿ ತಯಾರಾದದ್ದು, ಎಚ್‌ಟಿಯ ಯಾವ ಭಾಗ ಎಲ್‌ಟಿಗೆ ಹೊಂದುತ್ತದೆ ಎಂಬುದನ್ನು ಪಾರ್ಟ್ ನಂಬರುಗಳನ್ನು ಹೋಲಿಸಿ ಪತ್ತೆಮಾಡಬಹುದು. ಜಪಾನಿನಿಂದ ಬಂದ ಭಾಗಗಳ ಮೇಲೆ ತಯಾರಕರ ಮುದ್ರೆ ಉಳಿದಿರುತ್ತದೆ. ಬಣ್ಣ ಕೆರೆಯುವ ಮುನ್ನ ಪ್ರತಿ ಮುದ್ರೆಯ ಫೋಟೊ ತೆಗೆದಿಡಬೇಕು.

ಇದಕ್ಕಿಂತ ಬೇಗ ಕಳೆದುಹೋಗುತ್ತಿರುವುದು ಮೆಕ್ಯಾನಿಕ್‌ಗಳ ತಿಳಿವಳಿಕೆ. 1980ರ ದಶಕದಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ. ಜಾವಾ, ಯೆಜ್ಡಿಯ ಮಟ್ಟಿಗೆ ಕರ್ನಾಟಕದಲ್ಲಿ ಒಳ್ಳೆಯ ಕೆಲಸ ಆಗಿದೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರದ ಜಾವಾ ದಿನದಂದು ಬೆಂಗಳೂರಿನಲ್ಲಿ ನೂರಾರು ಬಂಡಿಗಳು ಒಂದೆಡೆ ಸೇರುತ್ತವೆ, ಮಾಲೀಕರು ಮಾಹಿತಿ ಹಂಚಿಕೊಳ್ಳುತ್ತಾರೆ. ಆರ್‌ಡಿ ಮತ್ತು ಆರ್‌ಎಕ್ಸ್‌ಗಳಿಗೆ ಅಭಿಮಾನಿಗಳು ಬೇಕಾದಷ್ಟಿದ್ದಾರೆ, ಕನ್ನಡದಲ್ಲಿ ಬರೆದಿಟ್ಟ ದುರಸ್ತಿ ಜ್ಞಾನ ತೀರ ಕಡಿಮೆ. ತಾಲ್ಲೂಕು ಕೇಂದ್ರಗಳ ಹಿರಿಯ ಮೆಕ್ಯಾನಿಕ್‌ಗಳನ್ನು ಮಾತಾಡಿಸಿ ದಾಖಲಿಸುವ ಕೆಲಸವನ್ನು ಪಾಲಿಟೆಕ್ನಿಕ್, ಐಟಿಐಗಳ ಆಟೊಮೊಬೈಲ್ ವಿಭಾಗಗಳು ಈಗಲೇ ಕೈಗೆತ್ತಿಕೊಳ್ಳಬೇಕು.

ಕಾನೂನು

ಮೋಟರ್‌ಸೈಕಲ್ಲಿನ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಹೊಗೆ ತಪಾಸಣೆ ಪತ್ರ ಮತ್ತು ವಿಮೆ ಚಾಲ್ತಿಯಲ್ಲಿರಬೇಕು. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ವಾಹನಗಳಿಗೆ ‘ವಿಎ’ ಅಕ್ಷರಗಳ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿಯಂಥ ಉದ್ದೇಶಗಳಿಗೆ ಮಾತ್ರ ರಸ್ತೆಗೆ ತರಬಹುದು. ಚೌಕಟ್ಟು, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಮಾಡಿದ ವಾಹನಕ್ಕೆ ಈ ಮಾನ್ಯತೆ ಸಿಗದು. 1983ರಲ್ಲಿ ನೋಂದಣಿಯಾದ ಮೊದಲ ರಾಜ್‌ದೂತ್ 350ಗಳಿಗೆ ಐವತ್ತು ತುಂಬುವುದು 2033ರಲ್ಲಿ. ಅಲ್ಲಿಯವರೆಗೆ ಅವು ಕಾನೂನಿನ ಕಣ್ಣಿಗೆ ಕೇವಲ ಹಳೆಯ ಬಂಡಿಗಳು.